ಮನೆಗೆ ಎರಡನೇ ಬೆಕ್ಕು: ಕ್ಲಿನಿಕ್ ಟೇಬಲ್ ಕಲಿಸಿದ ಪಾಠ

ಕಚ್ಚಿಸಿಕೊಂಡು ಬಂದ ಬೆಕ್ಕನ್ನು ಟೇಬಲ್ ಮೇಲೆ ಇಟ್ಟಾಗ ನಾವು ಮೊದಲು ನೋಡುವುದು ಗಾಯ ಎಲ್ಲಿದೆ ಅಂತ. ಮುಖದಲ್ಲೋ ಮುಂಗಾಲಲ್ಲೋ ಇದ್ದರೆ ಅದು ಎದುರು ನಿಂತು ಜಗಳ ಆಡಿದೆ. ಬಾಲದ ಬುಡದಲ್ಲಿದ್ದರೆ ಓಡುವಾಗ ಹಿಂದಿನಿಂದ ಕಚ್ಚಿಸಿಕೊಂಡಿದೆ. ಹಲ್ಲು ಸೂಜಿಯ ಹಾಗೆ ಆಳಕ್ಕೆ ಇಳಿದಿರುತ್ತದೆ, ಮೇಲಿನ ಚರ್ಮ ಬೇಗ ಮುಚ್ಚಿಕೊಳ್ಳುತ್ತದೆ, ಒಳಗೆ ಕೀವು ತುಂಬಿ ಎರಡು ಮೂರು ದಿನದಲ್ಲಿ ಬಾವು, ಜ್ವರ. ಹೊರಗೆ ಕಾಣುವುದು ಅಂಟಿಕೊಂಡ ನಾಲ್ಕು ಕೂದಲು ಅಷ್ಟೇ. ಎರಡು ಬೆಕ್ಕಿರುವ ಮನೆಯಿಂದ ಬಂದಿದ್ದರೆ ಹಿಂದಿನ ಕಥೆ ಸಾಮಾನ್ಯವಾಗಿ ಒಂದೇ: "ತಂದು ಎದುರುಬದುರು ಬಿಟ್ವಿ, ಅವೇ ಹೊಂದ್ಕೋತವೆ ಅಂದ್ಕೊಂಡ್ವಿ."

ಬೆಕ್ಕು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಕೆನ್ನೆ ಉಜ್ಜಿ ಉಜ್ಜಿ ಮನೆಗೆಲ್ಲ ತನ್ನ ವಾಸನೆ ಹಚ್ಚಿಟ್ಟುಕೊಂಡಿರುತ್ತದೆ. ಆ ವಾಸನೆ ಇಲ್ಲದ್ದು ಒಳಗೆ ಬಂದರೆ ಅದರ ಪಾಲಿಗೆ ನುಗ್ಗಿದ ಹಾಗೆಯೇ. ಹಾಗಾಗಿ ಮೊದಲು ವಾಸನೆ, ಆಮೇಲೆ ನೋಟ, ಕೊನೆಗೆ ಒಂದೇ ಕೋಣೆ. ಹಳೆ ಬೆಕ್ಕು ಎಂದಿನಂತೆ ತಿಂದು ಮಲಗುತ್ತಿದ್ದರೆ ಮಾತ್ರ ಮುಂದಿನ ಹೆಜ್ಜೆ. ನೆಂಟರು ತುಂಬಿರುವ ದಸರಾ ವಾರದಲ್ಲೋ ದೀಪಾವಳಿಯ ಪಟಾಕಿ ಮಧ್ಯೆಯೋ ಈ ಕೆಲಸ ಶುರು ಮಾಡಲೇಬೇಡಿ.

ಹೊಸ ಬೆಕ್ಕಿಗೆ ಬೇರೆ ಕೋಣೆ, ಕನಿಷ್ಠ 14 ದಿನ. ಇದು ಜಗಳಕ್ಕಿಂತ ಹೆಚ್ಚಾಗಿ ರೋಗದ ಲೆಕ್ಕ. ಪ್ಯಾನ್‌ಲ್ಯುಕೋಪೀನಿಯಾ (ಬೆಕ್ಕಿನಿಂದ ಬೆಕ್ಕಿಗೆ ಹರಡುವ, ಜೀವ ತೆಗೆಯುವ ರೋಗ) ವೈರಸ್ ಹೊಕ್ಕಮೇಲೆ ಲಕ್ಷಣ ಕಾಣಲು 2ರಿಂದ 10 ದಿನ ಬೇಕು. ಆ ವೈರಸ್ ಮನೆಯೊಳಗೆ ಒಂದು ವರ್ಷದವರೆಗೂ ಬದುಕಿರಬಲ್ಲದು. ಹಿಂದಿನ ಬೆಕ್ಕು ಅದರಿಂದಲೇ ಸತ್ತ ಮನೆಯಾದರೆ, ಲಸಿಕೆ ಪೂರ್ತಿ ಆಗದ ಮರಿಯನ್ನು ತರಬಾರದು. ಫಿನಾಯಿಲ್‌ಗೆ ಅದು ಜಗ್ಗುವುದಿಲ್ಲ, ಮೇಲಾಗಿ ಫಿನಾಲ್ ಅಂಶ ಬೆಕ್ಕಿನ ಲಿವರ್‌ಗೆ ಅರಗದ ವಿಷ. ಕೊಳೆ ಮತ್ತು ಮೂತ್ರವನ್ನು ನೀರಲ್ಲಿ ಪೂರ್ತಿ ತೊಳೆದುಬಿಟ್ಟು (ಮೂತ್ರಕ್ಕೆ ಬ್ಲೀಚ್ ಬೆರೆತರೆ ಕೆಟ್ಟ ಗಾಳಿ ಏಳುತ್ತದೆ), ಲೀಟರ್ ನೀರಿಗೆ ಸುಮಾರು 30 ಮಿಲಿ ಲಿಕ್ವಿಡ್ ಬ್ಲೀಚ್ ಹಾಕಿ ಹತ್ತು ನಿಮಿಷ ನೆನೆಸಿ ಒರೆಸಿ. ಒಣಗುವವರೆಗೆ ಬೆಕ್ಕು ಅತ್ತ ಬರಬಾರದು.

ಇದೇ ಸಮಯದಲ್ಲಿ ಚಿಗಟ, ಜಂತು, ಕಿವಿಯ ನುಸಿ, ಹುಳುಕಡ್ಡಿ ನೋಡಿಸಿ. ಎಫ್‌ಐವಿ, ಫೀಲೈನ್ ಲ್ಯುಕೇಮಿಯಾ (ಎರಡೂ ಬೆಕ್ಕಿನ ರೋಗನಿರೋಧಕ ಶಕ್ತಿ ಕುಗ್ಗಿಸುವ ವೈರಸ್‌ಗಳು) ರಕ್ತಪರೀಕ್ಷೆಯೂ ಆಗಲಿ. ಸೋಂಕು ಹೊಸದಾಗಿದ್ದರೆ ಮೊದಲ ಪರೀಕ್ಷೆ ತಪ್ಪಿಸಿಕೊಳ್ಳಬಹುದು, ಬೀದಿಯಿಂದ ತಂದ ಬೆಕ್ಕಾದರೆ 60 ದಿನ ಬಿಟ್ಟು ಮತ್ತೆ ಮಾಡಿಸುವುದು ಲೇಸು.

ಕೋಣೆಯಲ್ಲಿ ಏನಿರಬೇಕು? ಲಿಟರ್ ಟ್ರೇ (ಮಲಮೂತ್ರಕ್ಕೆ ಹೀರುವ ಪುಡಿ, ಅಂದರೆ ಲಿಟರ್, ತುಂಬಿದ ತಟ್ಟೆ), ಅದರಿಂದ ದೂರದ ಮೂಲೆಯಲ್ಲಿ ಊಟ ಮತ್ತು ನೀರು, ಅಡಗಿಕೊಳ್ಳಲು ಬಾಯಿ ತೆರೆದ ರಟ್ಟಿನ ಡಬ್ಬ. ಮಂಚದ ಕೆಳಗೆ ಸೇರಿಕೊಂಡರೆ ಎಳೆಯಬೇಡಿ.

ಆ 14 ದಿನ ರೋಗ ಕಾಣದೆ ಕಳೆದಮೇಲೆ ಒಂದು ಕಾಟನ್ ಸಾಕ್ಸಿನಿಂದ ಹೊಸ ಬೆಕ್ಕಿನ ಕೆನ್ನೆ, ಗದ್ದ ಉಜ್ಜಿ. ಅದನ್ನು ಹಳೆ ಬೆಕ್ಕಿನ ಊಟದ ತಟ್ಟೆಯಿಂದ ಒಂದು ಮೊಳ ದೂರ ಇಡಿ. ಮೂಸಿ ಬಿಟ್ಟರೆ ಒಳ್ಳೆಯದು, ಹುಸ್ ಅಂದರೆ ಇನ್ನಷ್ಟು ದೂರ. ಹಳೆಯದರ ಸಾಕ್ಸ್ ಕೂಡ ಹೊಸದಕ್ಕೆ. ಆಮೇಲೆ ಮುಚ್ಚಿದ ಬಾಗಿಲಿನ ಎರಡೂ ಕಡೆ ಆರಡಿ ದೂರದಲ್ಲಿ ಊಟ ಇಟ್ಟು, ದಿನಕ್ಕೆ ಅರ್ಧ ಅಡಿ ಹತ್ತಿರ ತನ್ನಿ. ತಿನ್ನದೆ ಬಾಗಿಲನ್ನೇ ದಿಟ್ಟಿಸುತ್ತ ಕೂತರೆ ಹಿಂದಿನ ದಿನದ ಜಾಗಕ್ಕೆ ಹೋಗಿ.

ನೋಟದ ಹಂತಕ್ಕೆ ನಮ್ಮ ಮನೆಗಳ ಸೊಳ್ಳೆ ಜಾಲರಿ ಬಾಗಿಲಿಗಿಂತ ಒಳ್ಳೆ ಸಾಧನ ಇಲ್ಲ. ಸ್ಟೀಲ್ ಜಾಲರಿ ಇರಬೇಕು, ನೈಲಾನ್ ಆದರೆ ಒಂದೇ ಏಟಿಗೆ ಹರಿಯುತ್ತದೆ. ಹಳೆ ಬೆಡ್‌ಶೀಟ್ ಇಳಿಬಿಟ್ಟು, ಊಟದ ಹೊತ್ತಲ್ಲಿ ಕೆಳಗಿನಿಂದ ನಾಲ್ಕು ಇಂಚು ಎತ್ತಿ. ಐದು ನಿಮಿಷ ಸಾಕು. ಹುಸ್ ಅನ್ನುವುದಕ್ಕೆ ಗಾಬರಿ ಬೇಡ, "ದೂರ ಇರು" ಅಂತ ಹೇಳುತ್ತಿದೆ ಅಷ್ಟೇ. ಸದ್ದಿಲ್ಲದೆ ಕಣ್ಣು ಕೀಳದೆ ನೋಡುವುದು, ಕಿವಿ ಪಕ್ಕಕ್ಕೆ ಮಡಚಿ ಬಾಲದ ತುದಿ ಆಡಿಸುವುದು ನಿಜವಾದ ಎಚ್ಚರಿಕೆ. ಮನೆಯವರ ಕಣ್ಣಿಗೆ ಬೀಳದ ಇನ್ನೊಂದಿದೆ: ಒಂದು ಬೆಕ್ಕು ಬಾಗಿಲಲ್ಲಿ ಸುಮ್ಮನೆ ಮಲಗಿ ಇನ್ನೊಂದನ್ನು ಟ್ರೇಗೆ ಹೋಗಲು ಬಿಡುವುದಿಲ್ಲ. "ಸೋಫಾ ಮೇಲೆ ಉಚ್ಚೆ ಹೊಯ್ತಿದೆ, ಕೊಬ್ಬು" ಅಂತ ಬರುವ ದೂರುಗಳಲ್ಲಿ ಎಷ್ಟೋ ಇದೇ. ಎರಡು ಬೆಕ್ಕಿಗೆ ಮೂರು ಟ್ರೇ, ಬೇರೆ ಬೇರೆ ಜಾಗದಲ್ಲಿ, ಎರಡಿಂಚು ಲಿಟರ್. ಮಂಡ್ಯ ಕಡೆ ಮರಳು ಹಾಕುವವರಿದ್ದಾರೆ, ಅಡ್ಡಿಯಿಲ್ಲ. ಆದರೆ ಹಳೆ ಬೆಕ್ಕಿಗೆ ರೂಢಿಯಾದದ್ದನ್ನು ಈಗಲೇ ಬದಲಿಸಬೇಡಿ.

ಸಂತಾನಹರಣ ಆಪರೇಷನ್ ಆಗದ ಗಂಡಿದ್ದರೆ ಇದೆಲ್ಲ ಅರ್ಧ ವ್ಯರ್ಥ. ಆಪರೇಷನ್ ಆದಮೇಲೂ ಹಾರ್ಮೋನ್ ಇಳಿಯಲು ಕೆಲವು ವಾರ ಹಿಡಿಯುತ್ತದೆ. ಸಜ್ಜೆ ಮೇಲೆ ಬಂದು ಕೂರುವ ಬೀದಿ ಗಂಡು ಬೆಕ್ಕೂ ಮನೆ ಕೆಡಿಸುತ್ತದೆ: ಅದರ ಮೇಲಿನ ಸಿಟ್ಟನ್ನು ಒಳಗಿನ ಬೆಕ್ಕು ಪಕ್ಕದಲ್ಲಿರುವುದರ ಮೇಲೆ ತೀರಿಸಿಕೊಳ್ಳುತ್ತದೆ. ಕಿಟಕಿಯ ಕೆಳಗಿನ ಅರ್ಧಕ್ಕೆ ಕಾಗದ ಅಂಟಿಸಿ.

ಜಗಳ ಹತ್ತಿದರೆ ಮಧ್ಯೆ ಕೈ ಹಾಕಬೇಡಿ, ರಟ್ಟು ಅಥವಾ ದಿಂಬು ಅಡ್ಡ ಹಿಡಿಯಿರಿ. ಕಚ್ಚಿದರೆ ಸೋಪು ಹಚ್ಚಿ ಹರಿವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ, ರೇಬೀಸ್ ಲಸಿಕೆ ವಿಷಯ ಅವರು ಹೇಳುತ್ತಾರೆ.

ಎರಡು ವಿಷಯಕ್ಕೆ ಬೆಳಗಾಗಲಿ ಅಂತ ಕಾಯಬಾರದು. ಗಂಡು ಬೆಕ್ಕು ಟ್ರೇಯಲ್ಲಿ ಪದೇಪದೇ ಕೂತು ತಿಣುಕಿದರೂ ಮೂತ್ರ ಬರದಿದ್ದರೆ ಮಲಬದ್ಧತೆ ಅಂತ ಹರಳೆಣ್ಣೆ ಕುಡಿಸಬೇಡಿ. ಮೂತ್ರನಾಳ ಕಟ್ಟಿರಬಹುದು, ಒತ್ತಡದಲ್ಲಿ ಇದು ಹೆಚ್ಚು, ಒಂದೆರಡು ದಿನದಲ್ಲೇ ಪ್ರಾಣ ಹೋಗುತ್ತದೆ. ಇನ್ನೊಂದು, ದಪ್ಪ ಬೆಕ್ಕು ಒಂದು ದಿನ ಪೂರ್ತಿ ಊಟ ಬಿಟ್ಟರೆ ಕರೆತನ್ನಿ. ಉಪವಾಸ ಮುಂದುವರಿದರೆ ಕೊಬ್ಬು ಲಿವರ್‌ಗೆ ನುಗ್ಗುತ್ತದೆ.

ಎರಡೂ ಒಂದಾದ ಮೇಲೂ ಆ ಕೋಣೆ ಸಜ್ಜಾಗಿರಲಿ. ಒಂದನ್ನು ಕ್ಲಿನಿಕ್‌ಗೆ ತಂದು ವಾಪಸ್ ಒಯ್ದಾಗ ಮೈಯಲ್ಲಿ ಸ್ಪಿರಿಟ್ ವಾಸನೆ ಇರುತ್ತದೆ, ಮನೆಯಲ್ಲಿದ್ದದ್ದು ಗುರುತು ಹಿಡಿಯದೆ ಮೇಲೆ ಬೀಳುತ್ತದೆ. ಅಂಥ ರಾತ್ರಿ ಬಂದ ಬೆಕ್ಕನ್ನು ಅಲ್ಲೇ ಮಲಗಿಸಿ, ಮನೆಯ ಹಾಸಿಗೆ ಬಟ್ಟೆಯಿಂದ ಮೈ ಒರೆಸಿ, ಬೆಳಿಗ್ಗೆ ಬಿಡಿ.