ಹೆರಿಗೆ ವಾರ್ಡಿನಲ್ಲಿ ಎಲ್ಲರೂ ಒಟ್ಟಿಗೆ ಕಲಿಯುವ ದಿನ

ಇಂಗ್ಲೆಂಡಿನಲ್ಲಿ ನನಗೆ ತುಂಬ ಇಷ್ಟವಾದದ್ದು ಹೆರಿಗೆ ವಿಭಾಗದ ವಾರ್ಷಿಕ ತರಬೇತಿ. ಹೆರಿಗೆ ಡಾಕ್ಟರು, ಅರಿವಳಿಕೆ ಡಾಕ್ಟರು, ಹೆರಿಗೆ ಮಾಡಿಸುವ ಮಿಡ್‌ವೈಫ್‌ಗಳು, ನನ್ನಂಥ ಆಪರೇಷನ್ ಥಿಯೇಟರ್ ನರ್ಸ್‌ಗಳು, ವಾರ್ಡಿನ ಸಹಾಯಕರು ಎಲ್ಲ ಒಟ್ಟಿಗೆ ಕಲಿಯುತ್ತೇವೆ. ಊರಲ್ಲಿ ಕೆಲಸ ಮಾಡುವಾಗ ಡಾಕ್ಟರುಗಳ ಕ್ಲಾಸೇ ಬೇರೆ, ನಮ್ಮದೇ ಬೇರೆ ಇತ್ತು. ಮಧ್ಯರಾತ್ರಿ ತಾಯಿಗೆ ರಕ್ತ ನಿಲ್ಲದೇ ಹೋದಾಗ ಮಾತ್ರ ಎಲ್ಲರೂ ಒಂದೇ ಮಂಚದ ಸುತ್ತ ಸೇರುತ್ತಿದ್ದೆವು.

ಈ ತರಬೇತಿಯ ಹೆಸರು ಪ್ರಾಂಪ್ಟ್. 2000ನೇ ಇಸವಿಯಲ್ಲಿ ಬ್ರಿಸ್ಟಲ್‌ನ ಸೌತ್‌ಮೀಡ್ ಆಸ್ಪತ್ರೆಯಲ್ಲಿ ಶುರುವಾಯಿತು. ದಿನವೂ ಕೆಲಸ ಮಾಡುವ ಜಾಗದಲ್ಲೇ, ದಿನವೂ ಜೊತೆಗಿರುವವರ ಜೊತೆಗೇ ಅಭ್ಯಾಸ ಮಾಡಬೇಕು ಅನ್ನೋದು ಇದರ ಜೀವಾಳ.

ಒಂದು ಅಭ್ಯಾಸ ಹೇಳ್ತೀನಿ. ಮಗುವಿನ ತಲೆ ಹೊರಗೆ ಬಂದಿದೆ, ಭುಜ ಒಳಗೆ ಸಿಕ್ಕಿಕೊಂಡಿದೆ. ಸಹೋದ್ಯೋಗಿಯೊಬ್ಬಳು ಸೊಂಟದ ಬಳಿ ಬೊಂಬೆ ಇಟ್ಟುಕೊಂಡು ತಾಯಿಯಾಗಿ ಮಲಗಿದ್ದಾಳೆ. "ನನ್ನ ಮಗುಗೆ ಏನಾಯ್ತು?" ಅಂತ ಕೂಗುತ್ತಾಳೆ. ಮಿಡ್‌ವೈಫ್ ತೊಂದರೆಯ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳುತ್ತಾಳೆ. ಒಬ್ಬರು ಸಮಯ ಬರೆದುಕೊಳ್ಳುತ್ತಾರೆ. ಇಬ್ಬರು ತಾಯಿಯ ತೊಡೆಗಳನ್ನು ಹೊಟ್ಟೆಯ ಕಡೆಗೆ ಮಡಚುತ್ತಾರೆ. ಮತ್ತೊಬ್ಬರು ಮುಂಭಾಗದ ಸೊಂಟದ ಮೂಳೆಯ ಸ್ವಲ್ಪ ಮೇಲೆ ಒತ್ತುತ್ತಾರೆ. ಹೊಟ್ಟೆಯ ಮೇಲ್ಭಾಗ ಒತ್ತುವುದಂತೂ ಬೇಡವೇ ಬೇಡ, ಅದರಿಂದ ಭುಜ ಇನ್ನೂ ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ. ನಮ್ಮ ಕಡೆ ಇನ್ನೂ ಎಷ್ಟೋ ಕಡೆ ಹಾಗೆ ಒತ್ತುತ್ತಾರೆ, ಅಲ್ವಾ?

ಮುಗಿದ ಮೇಲೆ ಮಲಗಿದ್ದವಳನ್ನೂ ಕೇಳುತ್ತಾರೆ: ನಿನಗೆ ಹೇಗನ್ನಿಸಿತು? ಹೋದ ಸಲ ಅವಳು, "ಎಲ್ಲರೂ ಕೆಲಸ ಮಾಡಿದಿರಿ, ನನ್ನ ಮುಖ ನೋಡಿ ಒಬ್ಬರೂ ಮಾತಾಡಲಿಲ್ಲ" ಅಂದಳು. ಹಿರಿಯ ಡಾಕ್ಟರ್ ಸುಮ್ನೆ ತಲೆಯಾಡಿಸಲಿಲ್ಲ, ಬರೆದುಕೊಂಡರು. ಅಭ್ಯಾಸ ಮತ್ತೆ ಮೊದಲಿಂದ ನಡೆಯಿತು.

ಸೌತ್‌ಮೀಡ್‌ನವರು 2008ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ. ಹೀಗೆ ಭುಜ ಸಿಕ್ಕಿಕೊಂಡ ಹೆರಿಗೆಗಳಲ್ಲಿ ಗಾಯಗೊಂಡ ಶಿಶುಗಳು ತರಬೇತಿಗೆ ಮೊದಲು ಶೇ. 9.3, ಆಮೇಲೆ ಶೇ. 2.3. ಭುಜದ ನರಕ್ಕೆ ಪೆಟ್ಟಾಗಿ ಕೈ ಸೋತು ಬೆಳೆಯಬೇಕಿದ್ದ ಮಕ್ಕಳನ್ನು ನೆನೆದರೆ ಇದು ಬರೀ ಲೆಕ್ಕ ಅನ್ನಿಸುವುದಿಲ್ಲ.

ತಾಲ್ಲೂಕು ಆಸ್ಪತ್ರೆಗಳಲ್ಲಿರುವ ಗೆಳತಿಯರೇ, ದುಬಾರಿ ಬೊಂಬೆ ಇಲ್ಲ ಅಂತ ಕಾಯಬೇಡಿ. ರಕ್ತಸ್ರಾವದ ಅಭ್ಯಾಸಕ್ಕೆ ಖಾಲಿ ಮಂಚ, ಮಲಗಲು ಒಬ್ಬರು, ಒದ್ದೆ ಬಟ್ಟೆ ತೂಗಲು ಒಂದು ತಕ್ಕಡಿ ಸಾಕು. ಒಣ ಬಟ್ಟೆಯ ತೂಕ ಕಳೆದರೆ ಒಂದು ಗ್ರಾಂಗೆ ಸುಮಾರು ಒಂದು ಮಿಲಿಲೀಟರ್ ರಕ್ತ. ಡ್ಯೂಟಿ ಡಾಕ್ಟರನ್ನೂ ಕರೆಯಿರಿ, ಆಯಾಳನ್ನೂ ಕರೆಯಿರಿ. ರಕ್ತಸ್ರಾವ ನಿಲ್ಲಿಸುವ ಔಷಧಿ ಆಕ್ಸಿಟೋಸಿನ್ ಇಟ್ಟ ಫ್ರಿಜ್ಜಿನ ಬೀಗದ ಕೈ ರಾತ್ರಿ ಹೊತ್ತು ಯಾರ ಹತ್ತಿರ ಇರುತ್ತೆ ಅನ್ನೋದೂ ಅವತ್ತೇ ಗೊತ್ತಾಗುತ್ತೆ.