ಕೊನೆಯ ನಾಲ್ಕು ಮಿಲಿಮೀಟರ್

ಪೈನ್‌ನಲ್ಲಿ ಪಳಗಿದ ಕೈ ತೇಗಕ್ಕೆ ಬಂದಾಗ ಡವ್‌ಟೇಲ್ (ಪಾರಿವಾಳದ ಬಾಲದಂಥ ಹಲ್ಲುಗಳ ಜೋಡಣೆ) ಎಲ್ಲಿ ಸೀಳುತ್ತೆ ಅನ್ನೋದು ಈಗ ನನಗೆ ಚೆನ್ನಾಗಿ ಗೊತ್ತು.

ನಾಲ್ಕು ಡ್ರಾಯರ್, ಹಾಫ್ ಬ್ಲೈಂಡ್, ಅಂದರೆ ಜೋಡಣೆ ಪಕ್ಕದಿಂದ ಕಾಣುತ್ತೆ, ಎದುರಿನಿಂದ ಕಾಣೋದಿಲ್ಲ. ಮುಂಭಾಗ 20 ಮಿ.ಮೀ. ತೇಗ, ಪಕ್ಕದ್ದು 12. ಎದುರು ಮುಖಕ್ಕೆ 6 ಬಿಟ್ಟು ಟೇಲ್ (ಪಕ್ಕದ ಹಲಗೆಯ ಬಾಲದಂಥ ಹಲ್ಲು) ಉದ್ದ 14, ಓರೆ 1:8. ಶಾಪ್‌ನಲ್ಲಿ ಯಂತ್ರದಲ್ಲಿ ಡವ್‌ಟೇಲ್ ಕೊಯ್ಯೋ ಜಿಗ್ (ಅಚ್ಚು) ಇದೆ, ಆದರೆ ಅದಕ್ಕಿರೋದು 14 ಡಿಗ್ರಿಯ ಒಂದೇ ಬಿಟ್ (ಕೊಯ್ಯೋ ಅಲಗು). ಅದರಲ್ಲಿ ಪಿನ್ನೂ (ಟೇಲ್‌ಗಳ ನಡುವೆ ಕೂರೋ ಮುಂಭಾಗದ ಹಲ್ಲು) ಟೇಲೂ ಒಂದೇ ಅಗಲ. ಪಾರ್ಟಿ ಕೇಳಿದ್ದು ಸಣ್ಣ ಪಿನ್ನು. ಬೇರೆ ಬಿಟ್ ತರಿಸಿ ಅಂತ ಕೇಳಿ ಕೇಳಿ ಸಾಕಾಗಿದೆ. ಸರಿ, ಗರಗಸ, ಉಳಿ, ಕೊಡತಿ.

ಟೇಲ್ ಕೊಯ್ದು, ಅದನ್ನೇ ಮುಂಭಾಗದ ತುದಿಯ ಮೇಲಿಟ್ಟು ಚಾಕುವಿನಲ್ಲಿ ಗುರುತು ಹಾಕಿದ್ದೆ. ಗೆರೆ ಉಳಿಸಿ, ಕೊಯ್ದು ಬಿಸಾಡೋ ವೇಸ್ಟ್ ಕಡೆಗೇ ಗರಗಸ. ಬೇಸ್‌ಲೈನ್ (ಹಲ್ಲಿನ ಬುಡದ ಗೆರೆ) ಮೇಲೆ ಉಳಿ ಇಡದೆ 1 ಮಿ.ಮೀ. ಈಚೆ ಹೊಡೆದು, ಕೊನೆಗೆ ಗೆರೆಗೆ ತಂದೆ. ಮೊದಲೇ ಗೆರೆ ಮೇಲೆ ಹೊಡೆದರೆ ಉಳಿಯ ಓರೆ ಅದನ್ನು ಹಿಂದಕ್ಕೆ ತಳ್ಳುತ್ತೆ. ಅಲ್ಲಿಗೆ ಎಲ್ಲ ಸರಿ. ಆದರೆ ಹಾಫ್ ಬ್ಲೈಂಡ್‌ನಲ್ಲಿ ಗರಗಸ ಓರೆಯಾಗಿ ಮಾತ್ರ ಇಳಿಯೋದು. ಒಳಮೂಲೆಯ ತ್ರಿಕೋನವನ್ನು ಪೂರ್ತಿ ಉಳಿಯಿಂದಲೇ ತೆಗೀಬೇಕು, ಅಲ್ಲಿ ಉಬ್ಬು ಉಳಿದರೆ ಮೇಲಿಂದ ಕಾಣೋದಿಲ್ಲ.

ಜೋಡಿಸೋಕೆ ತಟ್ಟಿದಾಗ ಟೇಲ್ 12ರಲ್ಲಿ 8 ಮಿ.ಮೀ. ಸಲೀಸಾಗಿ ಇಳಿಯಿತು. ಆಮೇಲೆ ನಿಂತಿತು. ಕೊಡತಿಯ ಸದ್ದು ಬದಲಾಯಿತು: ಟೊಕ್ ಟೊಕ್ ಅನ್ನುತ್ತಿದ್ದದ್ದು ಗಟ್ಟಿಯಾಗಿ ಟಣ್ ಅಂತು. ಪೈನ್ ಆಗಿದ್ದರೆ ನಾರು ಅಮುಕಿಕೊಂಡು ಜಾಗ ಕೊಡುತ್ತಿತ್ತು. ತೇಗ ಅಮುಕಿಕೊಳ್ಳೋದಿಲ್ಲ. ಇನ್ನು ನಾಲ್ಕೇ ಮಿಲಿಮೀಟರ್ ತಾನೇ ಅಂತ ಇನ್ನೆರಡು ಏಟು ಹಾಕಿದೆ. ಅಂಚಿನ ಹಾಫ್ ಪಿನ್ನಿನ ಬುಡದಿಂದ ಬಿರುಕು ನಾರಿನಗುಂಟ ಎರಡು ಇಂಚು ಓಡಿತು.

ಸದ್ದು ಬದಲಾದ ಕೂಡಲೇ ಬಿಚ್ಚಬೇಕಿತ್ತು. ಟೇಲಿನ ಕೆನ್ನೆಗೆ ಮೆತ್ತನೆ ಪೆನ್ಸಿಲ್ ಸವರಿ ಮೆಲ್ಲಗೆ ತಟ್ಟಿ ತೆಗೆದರೆ, ತಾಗಿದ ಕಡೆ ಪಿನ್ನಿಗೆ ಕಪ್ಪು ಹತ್ತಿರುತ್ತೆ. ಅಷ್ಟನ್ನೇ ಹೆರೆದರೆ ಐದು ನಿಮಿಷದ ಕೆಲಸ. ಪದೇ ಪದೇ ಪೂರ್ತಿ ಕೂರಿಸಿ ತೆಗೆಯೋದೂ ಬೇಡ, ಸಡಿಲವಾಗುತ್ತೆ.

ಬಿರುಕಿಗೆ ಅಂಟು ಇಳಿಸಿ ಕ್ಲ್ಯಾಂಪ್ ಹಾಕಿದರೂ ಪಾಲಿಶ್ ಬಿದ್ದ ಮೇಲೆ ಕಪ್ಪು ಗೆರೆ ಕಾಣುತ್ತೆ. ನಾಲ್ಕೂ ಮುಂಭಾಗ ಒಂದೇ ಹಲಗೆಯಿಂದ ಸಾಲಾಗಿ ಕೊಯ್ದದ್ದು, ಒಂದನ್ನೇ ಬದಲಿಸಿದರೆ ನಾರಿನ ಓಟ ತಪ್ಪುತ್ತೆ. ಹೊಸ ಹಲಗೆ ತೆಗೆದು ನಾಲ್ಕನ್ನೂ ಮತ್ತೆ ಕೊಯ್ದೆ. ಟೇಲ್ ಮೊದಲು ಕೊಯ್ದದ್ದರಿಂದ ಪಕ್ಕದ ಎಂಟು ಹಲಗೆಗಳಾದರೂ ಉಳಿದವು; ಅವನ್ನೇ ಇಟ್ಟು ಹೊಸದಕ್ಕೆ ಗುರುತು ಹಾಕಿದೆ.