ಚಿತ್ರದುರ್ಗ ‘ಚಿತ್ರದುಗರ್’ ಆದಾಗ

ದಾವಣಗೆರೆಯಿಂದ ಹೊರಡುವ ಒಂದು ಕನ್ನಡ ಸಂಶೋಧನಾ ತ್ರೈಮಾಸಿಕದ ಕಚೇರಿಯಲ್ಲಿ ನನ್ನ ಕೆಲಸ. ಲೇಖನ ಬರಮಾಡಿಕೊಳ್ಳುವುದು, ಪರಿಶೀಲಕರಿಗೆ ಕಳಿಸುವುದು, ಡಿಟಿಪಿ ಅಂಗಡಿಯಲ್ಲಿ ಕೂತು ಪುಟ ಕಟ್ಟಿಸುವುದು, ಕೊನೆಗೆ ಅಂಚೆಗೆ ಹಾಕುವುದು, ಎಲ್ಲವೂ ನನ್ನ ಮೇಜಿನಿಂದಲೇ ಆಗಬೇಕು.

ಒಂದು ದಿನ ಚಳ್ಳಕೆರೆ ಕಡೆಯ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಬಸ್ಸಿಳಿದು ನೇರ ಕಚೇರಿಗೆ ಬಂದಳು. ಲೇಖನ ಕಳಿಸಿ ಏಳು ತಿಂಗಳಾಗಿತ್ತು. ‘ಸರ್, ಆಗಲ್ಲ ಅಂದ್ರೂ ಪರವಾಗಿಲ್ಲ, ಯಾರ ಹತ್ರ ಇದೆ ಅಂತನಾದ್ರೂ ಹೇಳಿ’ ಅಂದಳು. ಹೇಳಲು ನನಗೆ ಗೊತ್ತಿರಲಿಲ್ಲ. ಮೂರು ಇಮೇಲ್ ಖಾತೆ, ಒಂದು ವಾಟ್ಸಾಪ್ ಗುಂಪು, ಎರಡು ಪೆನ್ ಡ್ರೈವ್ ಹುಡುಕಿದ ಮೇಲೆ ಗೊತ್ತಾಯಿತು, ಅವಳ ಲೇಖನ ಯಾವ ಪರಿಶೀಲಕರಿಗೂ ಹೋಗಿಯೇ ಇರಲಿಲ್ಲ. ಅವಳ ಮುಖ ನೋಡಲು ಕಷ್ಟವಾಯಿತು. ಪತ್ರಿಕೆಯನ್ನು ಓಜೆಎಸ್‌ಗೆ, ಅಂದರೆ ಸಂಶೋಧನಾ ಪತ್ರಿಕೆ ನಡೆಸಲೆಂದೇ ಇರುವ ಓಪನ್ ಜರ್ನಲ್ ಸಿಸ್ಟಮ್ಸ್ ಎಂಬ ತಂತ್ರಾಂಶಕ್ಕೆ ತರಲೇಬೇಕೆಂದು ಸಂಪಾದಕರ ಬಳಿ ಹಟ ಹಿಡಿದದ್ದು ಅವತ್ತೇ.

ಇದು ಕೆನಡಾದಲ್ಲಿ ಹುಟ್ಟಿದ ತಂತ್ರಾಂಶ. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ವಿಲಿನ್ಸ್ಕಿ 1998ರಲ್ಲಿ ಶುರು ಮಾಡಿದ ಪಬ್ಲಿಕ್ ನಾಲೆಡ್ಜ್ ಪ್ರಾಜೆಕ್ಟ್ ಇದನ್ನು ಕಟ್ಟಿತು. ಮುಕ್ತ ತಂತ್ರಾಂಶವಾದ್ದರಿಂದ ಕಾಸು ಕೊಡಬೇಕಿಲ್ಲ. ಜಗತ್ತಿನಲ್ಲಿ 25 ಸಾವಿರಕ್ಕೂ ಹೆಚ್ಚು ಪತ್ರಿಕೆಗಳು ಇದರ ಮೇಲೆ ನಡೆಯುತ್ತಿವೆ. ಇದರಲ್ಲಿ ಪ್ರತಿ ಲೇಖನವೂ ಸಲ್ಲಿಕೆ, ಪರಿಶೀಲನೆ, ಪ್ರತಿ ತಿದ್ದುವಿಕೆ, ಪ್ರಕಟಣೆಯ ಸಿದ್ಧತೆ ಎಂದು ನಾಲ್ಕು ಹಂತ ದಾಟುತ್ತದೆ, ಪ್ರತಿ ಹೆಜ್ಜೆಗೂ ದಿನಾಂಕ ಬೀಳುತ್ತದೆ. ಸರ್ವರ್ ಮೇಲೆ ಕೂರಿಸಲು ಅರ್ಧ ದಿನ ಸಾಕಾಯಿತು. ಅಲ್ಲೊಂದು ತಪ್ಪು ಮಾಡಿದೆ. ಸಲ್ಲಿಕೆಯಾದ ಕಡತಗಳ ಫೋಲ್ಡರ್ ವೆಬ್‌ನಿಂದ ಯಾರೂ ತೆರೆಯಲಾಗದ ಜಾಗದಲ್ಲಿರಬೇಕು ಎಂದು ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ನಾನು ಅದನ್ನು ಸೈಟಿನ ಒಳಗೇ ಇಟ್ಟಿದ್ದೆ. ಅಚ್ಚಾಗದ ಲೇಖನವನ್ನು ಕೊಂಡಿ ಗೊತ್ತಿದ್ದ ಯಾರು ಬೇಕಾದರೂ ತೆರೆಯಬಹುದಿತ್ತು. ಎರಡು ದಿನದಲ್ಲಿ ಕಣ್ಣಿಗೆ ಬಿತ್ತು, ಸರಿಪಡಿಸಿದೆ. ನೀವು ಅಳವಡಿಸುವಾಗ ಮೊದಲು ನೋಡಬೇಕಾದದ್ದು ಇದನ್ನೇ.

ನನಗೆ ನಿಜವಾಗಿ ತಿಂಗಳುಗಟ್ಟಲೆ ಹಿಡಿದದ್ದು ಕನ್ನಡ.

ನಮ್ಮ ಹಳೆಯ ಸಂಚಿಕೆಗಳೆಲ್ಲ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದವು. ಪಿಡಿಎಫ್ ತೆರೆದರೆ ಅಂದವಾದ ಕನ್ನಡ. ಅದರಿಂದ ‘ಕನ್ನಡ’ ಎಂಬ ಪದವನ್ನೇ ನಕಲಿಸಿ ಓಜೆಎಸ್‌ನ ಶೀರ್ಷಿಕೆಯ ಜಾಗಕ್ಕೆ ಅಂಟಿಸಿದರೆ ರೋಮನ್ ಅಕ್ಷರಗಳು, ನಡುವೆ ಒಂದು ಪೌಂಡ್ ಗುರುತು. ಆ ಫಾಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿತ್ತು, ಅಷ್ಟೇ. ನಮ್ಮ ಕಣ್ಣಿಗೆ ಅದು ಕನ್ನಡ, ಕಂಪ್ಯೂಟರಿಗೆ ಅಲ್ಲ. ಇಷ್ಟು ವರ್ಷ ಹುಡುಕಾಟದಲ್ಲಿ ನಮ್ಮ ಒಂದು ಲೇಖನವೂ ಸಿಗದಿದ್ದದ್ದು ಇದರಿಂದಲೇ.

ಸರಿ, ಯೂನಿಕೋಡ್‌ಗೆ, ಅಂದರೆ ಕನ್ನಡದ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಅವುಗಳದ್ದೇ ಸಂಕೇತವಿರುವ ವ್ಯವಸ್ಥೆಗೆ, ಬದಲಿಸುವ ಒಂದು ಪರಿವರ್ತಕ ತಂದೆವು. ಚಂದ್ರವಳ್ಳಿಯ ಶಾಸನದ ಬಗೆಗಿನ ಹಳೆಯ ಲೇಖನವೊಂದನ್ನು ಅದಕ್ಕೆ ಕೊಟ್ಟೆ. ಕದಂಬರ ದೊರೆ ಮಯೂರಶರ್ಮ ಕೆರೆ ಕಟ್ಟಿಸಿದ ವಿಷಯ ಹೇಳುವ ಶಾಸನ ಅದು. ಹೊರಬಂದ ಮೊದಲ ಸಾಲಲ್ಲೇ ‘ಚಿತ್ರದುಗರ್’. ಕೆಳಗೆ ‘ಕನಾರ್ಟಕ’, ‘ಮಯೂರಶಮರ್’. ಕಾರಣ ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅದನ್ನು ಕಣ್ಣಿಗೆ ಕಾಣುವ ಹಾಗೆ, ಅಕ್ಷರದ ನಂತರ ಒತ್ತುತ್ತಿದ್ದರು. ಯೂನಿಕೋಡ್‌ನಲ್ಲಿ ಬಾಯಲ್ಲಿ ಹೇಳುವ ಕ್ರಮದಲ್ಲಿ, ‘ರ’ ಮೊದಲು ಬರಬೇಕು. ಆ ಪರಿವರ್ತಕಕ್ಕೆ ಈ ಹಿಂದುಮುಂದು ತಿಳಿಯುತ್ತಿರಲಿಲ್ಲ. ನಮ್ಮ ಸೀಮೆಯ ಹೆಸರಲ್ಲೇ ಅರ್ಕಾವತ್ತು ಇದೆ. ಪುಟಕ್ಕೆ ಹತ್ತು ಸಲ ‘ದುರ್ಗ’ ಬರುವ ಲೇಖನಗಳು ನಮ್ಮವು.

ಇನ್ನೊಂದು ಪರಿವರ್ತಕ ಸಿಕ್ಕಿತು, ಅರ್ಕಾವತ್ತು ಸರಿಯಾಯಿತು. ಆದರೂ ಶೀರ್ಷಿಕೆ, ಸಾರಾಂಶ, ಲೇಖಕರ ಹೆಸರು ಈ ಮೂರನ್ನು ಯಂತ್ರಕ್ಕೆ ಬಿಡಬಾರದೆಂದು ತೀರ್ಮಾನಿಸಿದೆವು. ಒಬ್ಬರು ಅಚ್ಚಾದ ಸಂಚಿಕೆ ಹಿಡಿದು ಓದುವುದು, ಇನ್ನೊಬ್ಬರು ಪರದೆ ನೋಡುವುದು. ಹಳೆಯ ಕಾಲದ ಕರಡು ತಿದ್ದುವ ಕ್ರಮವೇ. ಇದಕ್ಕಿಂತ ಒಳ್ಳೆಯ ದಾರಿ ನನಗೆ ಇವತ್ತಿಗೂ ಕಂಡಿಲ್ಲ.

ಹೆಸರುಗಳ ಕತೆ ಬೇರೆಯೇ. ತಂತ್ರಾಂಶ ಹೆಸರನ್ನು ಎರಡು ಜಾಗದಲ್ಲಿ ಕೇಳುತ್ತದೆ, ಸ್ವಂತ ಹೆಸರು ಮತ್ತು ಕುಲನಾಮ. ನಮ್ಮವರ ಹೆಸರಿನ ಮುಂದಿನ ಎರಡಕ್ಷರದಲ್ಲಿ ಒಂದು ಊರಿನದು, ಒಂದು ಅಪ್ಪನದು. ಅದನ್ನು ನಾನು ಕುಲನಾಮದ ಜಾಗಕ್ಕೆ ತುಂಬಿಬಿಟ್ಟಿದ್ದೆ. ಹಾಗಾಗಿ ಉಲ್ಲೇಖದಲ್ಲಿ ಲೇಖಕಿಯೊಬ್ಬರ ಹೆಸರು ಹಿಂದೆ ಸರಿದು, ಅವರ ಊರಿನ ಅಕ್ಷರ ಮುಂದೆ ನಿಂತಿತು. ಅವರೇ ಫೋನ್ ಮಾಡಿ, ‘ಇಪ್ಪತ್ತು ವರ್ಷ ಬರೆದಿದ್ದೀನಿ, ಇದು ನನ್ನ ಹೆಸರಲ್ಲ’ ಅಂದರು. ಅವರ ಮಾತು ಸರಿ. ಕುಲನಾಮದ ಜಾಗವನ್ನು ಖಾಲಿ ಬಿಡಬಹುದು. ನಿಮ್ಮ ಹೆಸರು ಹೇಗೆ ಕಾಣಬೇಕು ಎಂದು ಈಗ ಪ್ರತಿಯೊಬ್ಬ ಲೇಖಕರನ್ನೂ ಕೇಳಿಯೇ ತುಂಬುತ್ತೇನೆ.

ಪರಿಶೀಲಕರ ವಿಷಯದಲ್ಲಿ ನನ್ನ ಲೆಕ್ಕ ತಪ್ಪಿತ್ತು. ಹಿರಿಯರು ಕಂಪ್ಯೂಟರಿಗೆ ಒಗ್ಗುವುದಿಲ್ಲ ಅಂದುಕೊಂಡಿದ್ದೆ. ಚಿತ್ರದುರ್ಗದಲ್ಲಿರುವ ನಿವೃತ್ತ ಮೇಷ್ಟ್ರೊಬ್ಬರು ನಮ್ಮ ಅತ್ಯಂತ ಒಳ್ಳೆಯ ಪರಿಶೀಲಕರು, ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುವವರು. ಅವರಿಗೆ ಹೋದ ಮೊದಲ ಎರಡು ಕೋರಿಕೆಗೂ ಉತ್ತರ ಬರಲಿಲ್ಲ. ದುರ್ಗಕ್ಕೇ ಹೋಗಿ ಕೇಳಿದೆ. ತಂತ್ರಾಂಶದಲ್ಲೇ ಇದ್ದ ಇಂಗ್ಲಿಷ್ ಪತ್ರ ಅವರಿಗೆ ಹೋಗಿತ್ತು, ಯಾವುದೋ ಕಂಪನಿಯ ಜಾಹೀರಾತು ಎಂದು ಅಳಿಸಿದ್ದರಂತೆ. ಆ ಪತ್ರಗಳ ಒಕ್ಕಣೆಯನ್ನು ನಾವೇ ಬದಲಿಸಬಹುದು ಎಂಬುದು ನನಗೆ ಗೊತ್ತಿದ್ದೂ ಕೈ ಹಾಕಿರಲಿಲ್ಲ. ವಾಪಸ್ ಬಂದವನೇ ಎಲ್ಲವನ್ನೂ ಕನ್ನಡದಲ್ಲಿ ಬರೆದೆ. ‘ಮಾನ್ಯರೇ’ ಎಂದು ಶುರು, ಲೇಖನದ ವಿಷಯ, ಎಷ್ಟು ದಿನದ ಕಾಲಾವಕಾಶ, ಕೆಳಗೆ ಸಂಪಾದಕರ ಹೆಸರು. ಪಾಸ್‌ವರ್ಡ್ ಇಲ್ಲದೆ ಒಂದೇ ಕೊಂಡಿ ಒತ್ತಿ ಒಳಬರುವ ಸೌಲಭ್ಯವನ್ನೂ ತೆರೆದೆ. ಒಂಬತ್ತನೇ ದಿನಕ್ಕೆ ಅವರ ಟಿಪ್ಪಣಿ ಬಂತು, ಎರಡೂವರೆ ಪುಟ. ಪೆನ್ಸಿಲಿನಲ್ಲಿ ಬರೆದದ್ದನ್ನು ಮೊಮ್ಮಗಳ ಕೈಲಿ ಟೈಪ್ ಮಾಡಿಸಿದ್ದರು. ಕಡತದ ಗುಣಲಕ್ಷಣಗಳಲ್ಲಿ ಅವಳ ಹೆಸರು ಉಳಿದಿತ್ತು. ಲೇಖಕರಿಗೆ ಪರಿಶೀಲಕರ ಗುರುತು ಸಿಗಬಾರದಲ್ಲ, ಅದನ್ನು ಅಳಿಸಿಯೇ ಮುಂದೆ ಕಳಿಸಿದೆ.

ಓಜೆಎಸ್ ಹಾಕಿದರೆ ಪತ್ರಿಕೆಗೆ ಮಾನ್ಯತೆ ಬಂದಂತೆಯೇ ಎಂದು ಕೆಲವರು ಕೇಳುತ್ತಾರೆ. ಹಾಗೇನಿಲ್ಲ. ಉಚಿತ ತಂತ್ರಾಂಶ, ದುಡ್ಡಿಗೆ ಏನನ್ನಾದರೂ ಅಚ್ಚುಹಾಕುವವರೂ ಅದನ್ನೇ ಬಳಸಬಹುದು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ತಾನು ಒಪ್ಪಿದ ಪತ್ರಿಕೆಗಳ ‘ಕೇರ್’ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ಕೈಬಿಟ್ಟ ಮೇಲಂತೂ ಪತ್ರಿಕೆ ತನ್ನ ಪರಿಶೀಲನೆ ಹೇಗೆ ನಡೆಯುತ್ತದೆ ಎಂಬುದನ್ನು ತಾನೇ ತೆರೆದು ತೋರಿಸಬೇಕು. ತೋರಿಸಲು ದಿನಾಂಕ ಸಮೇತ ದಾಖಲೆ ಈಗ ನಮ್ಮಲ್ಲಿದೆ.

ಚಳ್ಳಕೆರೆಯ ಹುಡುಗಿಯ ಲೇಖನ ಎರಡು ಸುತ್ತಿನ ತಿದ್ದುಪಡಿಯಾಗಿ ಪ್ರಕಟವಾಯಿತು. ಹಳೆಯ ಸಂಚಿಕೆಗಳಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಬಾಕಿ ಇವೆ. ಪ್ರತಿ ಶನಿವಾರ ಮಧ್ಯಾಹ್ನ ಅವಳೂ ಬರುತ್ತಾಳೆ. ಅವಳು ಓದುತ್ತಾಳೆ, ನಾನು ಪರದೆ ನೋಡುತ್ತೇನೆ.